ಕೊಡಗಿನ ಒಕ್ಕಗಳಲ್ಲಿ ಮರಣಶಾಸನ ಮತ್ತು ದಾಯವಿವಾದ

ಮನುಷ್ಯನು ತನ್ನ ಮರಣಾನಂತರ ತನ್ನ ಆಸ್ತಿಯು ಇಂಥವರಿಗೆ ಸೇರತಕ್ಕದ್ದೆಂದು ಬರೆದಿಡುವ ಪತ್ರಕ್ಕೆ ಕನ್ನಡದಲ್ಲಿ ಮೂರು ಹೆಸರುಗಳು ನಡೆಯುತ್ತಿವೆ. ನ್ಯಾಯಾಲಯದ ಕಾಗದಗಳಲ್ಲಿ ಮರಣಶಾಸನವೆಂದು ಬರೆಯುವರು. ಕೆಲವರು ಉಯಿಲು ಎನ್ನುವರು. ಆಡುವ ಮಾತಿನಲ್ಲಿ ವಿಲ್ ಎಂಬುದೇ ಗಟ್ಟಿಯಾಗಿ ನಿಂತಿದೆ. ಉಯಿಲು ಎಂಬುದು ಇಂಗ್ಲಿಷಿನ ಶಬ್ದವೇ. ತಮಿಳಿನ ಉಚ್ಚಾರದ ಹಾದಿಯಲ್ಲಿ ಬಂದುದು. ಹಳಗನ್ನಡದ ಪುಯ್ಯಲ್, ಅದರಿಂದಾದ ಹುಯಿಲು, ಎಂದರೆ ಮೊರೆ, ಕೂಗು, ಇವಕ್ಕೂ ಅದಕ್ಕೂ ನಂಟಿಲ್ಲ. ಆದರೂ ಉಯಿಲಿನ ಬೆನ್ನಿಗೇ ಹುಯಿಲು ಬರುವುದನ್ನು ಕಂಡವರಿಗೆ ಎರಡೂ ಒಂದೇ ಮೂಲದವೆಂದು ತೋರಿದರೆ ಅವರನ್ನು ಬಹಳವಾಗಿ ತಪ್ಪೆನ್ನಲಾಗದು. ಮರಣಶಾಸನವೆಂಬ ಮಾತಾದರೋ ಲೋಕರೂಢಿಯಲ್ಲಿ ಇನ್ನೊಂದು ಅರ್ಥವನ್ನೂ ಪಡೆದಿದೆ. ತನ್ನ ಕೇಡನ್ನು ತಾನೇ ಬರೆದುಕೊಂಡವನನ್ನು ತನ್ನ ಮರಣಶಾಸನಕ್ಕೆ ತಾನೇ ರುಜು ಹಾಕಿದನೆನ್ನುವರು.

ಹೆಸರು ಹೀಗೆ ನೆಲೆಗೊಳ್ಳದಿರುವುದಕ್ಕೆ ಕಾರಣವುಂಟು. ವಸ್ತುವೇ ಈ ನಾಡಿಗೆ ಈಚಿನದು. ಕನ್ನಡನಾಡಿನ ದಾನಶಾಸನಗಳು ಕೊಡುವವನು ಬದುಕಿರುವಾಗ, ಮೇರೆಗಳನ್ನು ಹೇಳಿ, ಸಾಕ್ಷಿಗಳ ಎದುರಿನಲ್ಲಿ, ಧಾರೆಯೆರೆದು ಕೊಟ್ಟ ದಾನಗಳ ಗುರುತುಗಳು. ಸತ್ತವನ ಇಚ್ಛೆಯು ಬದುಕಿದವರ ಸ್ವತ್ತನ್ನು ಆಳಬಹುದೆಂಬ ಭಾವನೆ ಧರ್ಮಶಾಸ್ತ್ರಗಳಲ್ಲಿ ಬೆಳೆದುಬಂದುದಲ್ಲ. ಧರ್ಮಾರ್ಥವಾಗಿ ವಾಗ್ದಾನಮಾಡಿ ಕೊಡುವ ಮೊದಲೇ ತಂದೆಯು ಮೃತನಾದರೆ ಮಗನು ಅದನ್ನು ಸಲ್ಲಿಸತಕ್ಕದ್ದೆಂದು ಕಾತ್ಯಾಯನನು ಹೇಳಿರುವುದುಂಟು. ಇದರಲ್ಲಿ ಮರಣಶಾಸನದ ಬೀಜವಿದೆಯೆಂದು ವಾದಿಸಿದವರೂ ಇದ್ದಾರೆ. ಆದರೆ ಅಲ್ಲಿ ಮಗನಿಗೆ ಬೀಳುವುದು ಋಣ. ಮಗನನ್ನೇ ಬಿಟ್ಟು ಮತ್ತೊಬ್ಬನಿಗೆ ಆಸ್ತಿಯನ್ನೊಪ್ಪಿಸುವ ಅಧಿಕಾರದ ಮಾತು ಅಲ್ಲಿಲ್ಲ.

ಹಾಗಾದರೆ, ಹತ್ತಿರದ ಬಂಧುವೊಬ್ಬನು ಮರಣಶಾಸನದಲ್ಲಿ ತನ್ನನ್ನು ಕೈಬಿಟ್ಟನೆಂದು ದೂರುವವನು ಯಾವ ನೆಲೆಯಲ್ಲಿ ನಿಂತು ವಾದಿಸಬೇಕು? ತನಗೆ ಅನ್ಯಾಯವಾಯಿತೆಂದೇ? ಬರೆದವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದೇ? ಅಥವಾ ಕೊಟ್ಟ ವಸ್ತುವು ಕೊಟ್ಟವನದೇ ಅಲ್ಲವೆಂದೇ? ಇಂಗ್ಲೆಂಡಿನಿಂದ ಬಂದ ನ್ಯಾಯಗ್ರಂಥಗಳು ಎರಡನೆಯ ಪ್ರಶ್ನೆಯನ್ನು ಮುಂದೆ ನಿಲ್ಲಿಸುವವು. ಕೊಡಗಿನಲ್ಲಿ ಮೊದಲು ಕೇಳಬೇಕಾದುದು ಮೂರನೆಯದು. ಅಲ್ಲಿಯ ಒಕ್ಕದ ಆಚಾರವನ್ನೂ, ಅಲ್ಲಿಯ ಅರಮನೆಯಲ್ಲಿಯೇ ನಡೆದ ಒಂದು ದಾರುಣವಾದ ದಾಯವಿವಾದವನ್ನೂ ನೋಡಿದರೆ ಇದು ಸ್ಪಷ್ಟವಾಗುವುದು.

ದಕ್ಷಿಣ ಕೊಡಗಿನ ಪೊನ್ನಂಪೇಟೆಯು ಈಚಿನ ವರ್ಷಗಳಲ್ಲಿ ವಿರಾಜಪೇಟೆಯಿಂದ ಬೇರೆಯಾಗಿ ತಾಲ್ಲೂಕಿನ ಕೇಂದ್ರವಾಗಿದೆ. ಹಾಲೇರಿ ವಂಶದ ಕಡೆಯ ಅರಸರ ಕಾಲದ ದಿವಾನ ಚೆಪ್ಪುಡಿರ ಪೊನ್ನಪ್ಪನ ಹೆಸರಿನಿಂದ ಊರಿಗೆ ಆ ಹೆಸರಾಯಿತೆಂದು ಹೇಳುವರು. ಪೇಟೆಯು ಚಿಕ್ಕದು, ಅದನ್ನು ಸುತ್ತುವರಿದ ಗದ್ದೆಬಯಲುಗಳ ಮೇಲಣ ಏರುನೆಲದಲ್ಲಿ ಕೊಡವ ಒಕ್ಕಗಳ ಐನ್‌ಮನೆಗಳಿವೆ. ಒಕ್ಕವೆಂದರೆ ಒಬ್ಬ ಕಾರಣವನಿಂದ ಗಂಡುಸಂತತಿಯ ಮೂಲಕ ಇಳಿದುಬಂದ ಕುಲ. ಒಕ್ಕದ ಹೆಸರನ್ನು ವ್ಯಕ್ತಿಯ ಹೆಸರಿಗಿಂತ ಮುಂಚೆ ಹೇಳುವುದು ಅಲ್ಲಿಯ ಪದ್ಧತಿ. ದಿವಾನನು ಮೊದಲು ಚೆಪ್ಪುಡಿರದವನು, ಅನಂತರ ಪೊನ್ನಪ್ಪ. ಐನ್‌ಮನೆಯ ನಡುಬಾಡೆಯಲ್ಲಿ ಉರಿಯುವ ದೀಪ, ಹಿರಿಯರಿಗಾಗಿ ಕಟ್ಟಿದ ಕೈಮಡ, ಪೂರ್ವಿಕರಿಂದ ಬಂದ ಜಮ್ಮದ ಗದ್ದೆ, ಅದಕ್ಕೆ ಸೇರಿದ ಬಾಣೆಯ ಕಾಡು, ಇವೆಲ್ಲವೂ ಒಕ್ಕದವು, ಯಾವನೊಬ್ಬನವೂ ಅಲ್ಲ. ಸರ್ಕಾರದ ಲೆಕ್ಕದಲ್ಲಿ ಪಟ್ಟೆದಾರನ ಹೆಸರು ಇರುವುದು ನಿಜ. ಆದರೆ ಅವನು ಒಕ್ಕದ ಪರವಾಗಿ ಕಂದಾಯ ಕಟ್ಟುವ ಹಿರಿಯನೇ ಹೊರತು ಒಡೆಯನಲ್ಲ.

ಜಮ್ಮವು ಜನ್ಮ ಶಬ್ದದ ತದ್ಭವ. ಹುಟ್ಟಿನಿಂದ ಬಂದುದು ಎಂಬ ಅರ್ಥವೇ ಆ ಭೂಮಿಯ ಕಾನೂನನ್ನು ಒಂದು ಮಾತಿನಲ್ಲಿ ಹೇಳುವುದು. ಬ್ರಿಟಿಷರ ಕಾಲದಲ್ಲಿ ನೂರು ಭಟ್ಟಿಯ ಸಾಗುಭೂಮಿಗೆ ೧೦ ರೂಪಾಯಿ ಕಂದಾಯವಿದ್ದರೆ ಅಷ್ಟೇ ಜಮ್ಮಭೂಮಿಗೆ ೫ ರೂಪಾಯಿ ಮಾತ್ರ. ಈ ಅರ್ಧ ಕಂದಾಯಕ್ಕೆ ಪ್ರತಿಯಾಗಿ ಜಮ್ಮದ ರೈತನು ಅರಸನಿಗೆ ಸೇವೆ ಸಲ್ಲಿಸಬೇಕಾಗಿತ್ತು. ಸರ್ಕಾರದ ಅಪ್ಪಣೆಯಿಲ್ಲದೆ ಭೂಮಿಯನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಬದುಕಿರುವಾಗ ಮಾರಲಾರದುದನ್ನು ಸತ್ತ ಮೇಲೆ ಕೊಡುವುದೆಂತು? ಹಳೆಯ ಕೊಡಗಿನಲ್ಲಿ ಜಮ್ಮಭೂಮಿಯನ್ನು ಕುರಿತು ಮರಣಶಾಸನಕ್ಕೆ ಎಡೆಯೇ ಇರಲಿಲ್ಲವೆಂಬುದು ಇದರಿಂದ ತಿಳಿಯುವುದು.

ಎಡೆಯಿಲ್ಲದಿದ್ದುದು ಮಾತ್ರವಲ್ಲ, ಅವಶ್ಯವೂ ಇರಲಿಲ್ಲ. ಗಂಡುಸಂತತಿಯು ನಿಂತುಹೋಗುವ ಒಕ್ಕವನ್ನು ಉಳಿಸುವುದಕ್ಕೆ ಕೊಡವರು ಕಾಗದವನ್ನಲ್ಲ, ಮದುವೆಯನ್ನು ಆಶ್ರಯಿಸಿದರು. ಒಕ್ಕಪರಿಜೆ ಎಂಬ ವಿವಾಹದಲ್ಲಿ ಅಳಿಯನು ತನ್ನ ಒಕ್ಕವನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರಿ ಅಲ್ಲಿಯವನೇ ಆಗುವನು. ಮಕ್ಕಪರಿಜೆಯಲ್ಲಿ ಅವನು ತನ್ನ ಒಕ್ಕದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ; ಆದರೆ ಹುಟ್ಟುವ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುವರು. ಒಬ್ಬಳೇ ಮಗಳಿರುವ ಮನೆಯಲ್ಲಿ ದೀಪವು ಆರದಂತೆ ನೋಡಿಕೊಳ್ಳುವ ಈ ಏರ್ಪಾಡು ಊರವರ ಸಮಕ್ಷಮದಲ್ಲಿ ನಡೆಯುವುದು. ಸಾಮಾನ್ಯವಾದ ಮದುವೆಯಲ್ಲಿಯೂ ಹೆಣ್ಣಿಗೆ ಹೊಸ ಒಕ್ಕದಲ್ಲಿ ದೊರೆಯುವ ಹಕ್ಕುಗಳನ್ನು ಎರಡು ಕಡೆಯ ಅರುವರು ಎದುರುಬದುರಾಗಿ ನಿಂತು ಪ್ರಶ್ನೋತ್ತರವಾಗಿ ಹೇಳಿ, ಆ ಹಕ್ಕಿನ ಗುರುತಾಗಿ ಸಣ್ಣ ಕಲ್ಲುಗಳನ್ನು ಒಪ್ಪಿಸುವರು. ಇದಕ್ಕೆ ಸಂಬಂಧ ಕೊಡುವುದೆಂದು ಹೆಸರು. ಮುಂದೆ ಅವಳು ವಿಧವೆಯಾಗಿಯೋ ಗಂಡನನ್ನು ಬಿಟ್ಟೋ ತೌರಿಗೆ ಮರಳಬೇಕಾಗಿ ಬಂದಾಗ ಅವಳ ಪರವಾಗಿ ಮಾತನಾಡಬೇಕಾದವನು ಆ ಅರುವನೇ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯನ್ನು ಓದುವವರು ಅಲ್ಲಿಯ ಮದುವೆಯ ಹಾಡುಗಳನ್ನು ಸಾಹಿತ್ಯವೆಂದು ಮಾತ್ರ ಓದುವುದುಂಟು. ಅವು ನಡೆಯುವ ಸಂದರ್ಭವು ಹಕ್ಕಿನ ವಿನಿಮಯದ್ದೆಂಬುದನ್ನು ನೆನಪಿನಲ್ಲಿಟ್ಟರೆ ಓದಿಗೆ ಇನ್ನಷ್ಟು ತೂಕ ಬರುವುದು.

ಇಂಥ ನಾಡಿನಲ್ಲಿ, ಒಬ್ಬನು ತನ್ನ ಇಚ್ಛೆಯಿಂದಲೇ ದಾಯದ ಕ್ರಮವನ್ನು ತಿರುಗಿಸಲು ಹೊರಟ ಮೊದಲ ಹೆಸರಾಂತ ಉದಾಹರಣೆ ಒಕ್ಕದಲ್ಲಿ ಅಲ್ಲ, ಅರಮನೆಯಲ್ಲಿ ಕಾಣುವುದು. ಅರಸರು ಕೊಡವರಲ್ಲ, ಹಾಲೇರಿಯ ಲಿಂಗಾಯತ ವಂಶದವರು ಎಂಬುದನ್ನು ಇಲ್ಲಿಯೇ ಹೇಳಿಡಬೇಕು. ಒಕ್ಕದ ಆಚಾರವು ಅವರನ್ನು ಕಟ್ಟುತ್ತಿರಲಿಲ್ಲ. ಆದರೆ ಅವರ ಪ್ರಜೆಗಳೂ ದಿವಾನರೂ ಆ ಆಚಾರದಲ್ಲಿಯೇ ಬೆಳೆದವರು.

ದೊಡ್ಡವೀರರಾಜೇಂದ್ರನು ಟಿಪ್ಪುವಿನ ಸೆರೆಯಿಂದ ೧೭೮೮ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಗೆದ್ದವನು, ೧೭೯೦ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಕೌಲು ಮಾಡಿಕೊಂಡವನು, ವಿರಾಜಪೇಟೆಯನ್ನು ಕಟ್ಟಿಸಿದವನು. ಮಹಾದೇವಮ್ಮಾಜಿಯೆಂಬ ರಾಣಿಯಲ್ಲಿ ಅವನಿಗೆ ಅತಿಶಯವಾದ ಪ್ರೀತಿ. ಅವಳಿಂದ ಹೆಣ್ಣುಮಕ್ಕಳಾದರೇ ಹೊರತು ಗಂಡು ಸಂತಾನ ಉಳಿಯಲಿಲ್ಲ. ೧೮೦೭ರಲ್ಲಿ ರಾಣಿಯು ತೀರಿಕೊಂಡಳು. ಅಂದಿನಿಂದ ಅರಸನ ಮನಸ್ಸು ಕದಡಿತು. ಸಿಟ್ಟಿನ ಆವೇಶದಲ್ಲಿ ಹತ್ತಿರದವರನ್ನು ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪದಿಂದ ಬೆಂದನೆಂದು ೧೮೫೫ರಲ್ಲಿ ಕೊಡಗಿನ ಚರಿತ್ರೆಯನ್ನು ಬರೆದ ಹೆರ್ಮನ್ ಮೋಗ್ಲಿಂಗನು ವರ್ಣಿಸಿದ್ದಾನೆ. ಮೋಗ್ಲಿಂಗನು ಪಾದ್ರಿ, ಹಾಲೇರಿಯ ಅರಸರ ವಿಷಯದಲ್ಲಿ ಅವನಿಗೆ ಕನಿಕರ ಕಡಮೆ. ಆದರೂ ಈ ಭಾಗದಲ್ಲಿ ಅವನ ಬರಹವನ್ನು ಅಲ್ಲಗಳೆಯುವುದು ಕಷ್ಟ.

ಅರಸನು ತನ್ನ ತಮ್ಮಂದಿರನ್ನು ಬಿಟ್ಟು ಮಹಾದೇವಮ್ಮಾಜಿಯ ಹಿರಿಯ ಮಗಳಾದ ದೇವಮ್ಮಾಜಿಯೇ ಪಟ್ಟಕ್ಕೆ ಬರತಕ್ಕದ್ದೆಂದು ನಿಶ್ಚಯಿಸಿದನು. ಅವಳನ್ನು ಸೋದೆಯ ಅರಸುಮನೆತನದವನಿಗೆ ಕೊಟ್ಟು ಮದುವೆ ಮಾಡಿದನು. ವಂಶದ ಚರಿತ್ರೆಯನ್ನು ಕನ್ನಡದಲ್ಲಿ ರಾಜೇಂದ್ರನಾಮೆಯೆಂಬ ಹೆಸರಿನಿಂದ ಬರೆಯಿಸಿದುದೂ ಈ ವರ್ಷಗಳಲ್ಲಿಯೇ. ೧೮೦೮ರಲ್ಲಿ ಅದು ಇಂಗ್ಲಿಷಿಗೂ ಆಯಿತು. ತನ್ನ ಏರ್ಪಾಡನ್ನು ಕಂಪನಿಯ ಸರ್ಕಾರವು ಮನ್ನಿಸಿ ಮಕ್ಕಳನ್ನು ಕಾಪಾಡಬೇಕೆಂದು ಗವರ್ನರ್ ಜನರಲನನ್ನು ಬೇಡಿಕೊಂಡನು. ಅವನಿಗೆ ತನ್ನ ಬರಹದ ಮೇಲೆ ನಂಬಿಕೆ ಸಾಲದೆ ಅದಕ್ಕೆ ಹೊರಗಿನ ಬಲವನ್ನು ಹುಡುಕಿದನೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಮಗಳ ಮೂಲಕ ಮನೆಯನ್ನು ಮುಂದುವರಿಸುವ ಯೋಚನೆಯು ಕೊಡವ ದಿವಾನರಿಗೆ ವಿಚಿತ್ರವಾಗಿ ಕಂಡಿರಲಾರದು. ಮಕ್ಕಪರಿಜೆಯನ್ನು ಅವರು ಬಲ್ಲರು. ವಿಚಿತ್ರವಾಗಿದ್ದುದು ಒಡಹುಟ್ಟಿದವನು ಬದುಕಿರುವಾಗ ಅವನನ್ನು ದಾಟಿ ಹೋಗುವುದು. ಪರಿಜೆಯು ಗಂಡಸರಿಲ್ಲದ ಮನೆಗಾಗಿ ಹುಟ್ಟಿದ ಉಪಾಯ. ಗಂಡಸರಿರುವ ಮನೆಯಲ್ಲಿ ಅವರನ್ನು ಹೊರಗಿಡುವುದಕ್ಕೆ ಅಲ್ಲ.

೧೮೦೯ರ ಜೂನ್ ೯ರಂದು ದೊಡ್ಡವೀರರಾಜೇಂದ್ರನು ಮೃತನಾದನು. ಬಾಲಕಿಯಾದ ದೇವಮ್ಮಾಜಿಯು ರಾಣಿಯೆನಿಸಿದಳು. ಕೈಬಿಡಲ್ಪಟ್ಟ ತಮ್ಮನಾದ ಲಿಂಗರಾಜನು ಯಾವ ನ್ಯಾಯಸ್ಥಾನಕ್ಕೂ ಹೋಗಲಿಲ್ಲ. ಹೋಗುವುದಕ್ಕೆ ಅಂಥ ಸ್ಥಾನವೂ ಇರಲಿಲ್ಲ. ಅವನು ಮೊದಲು ಅಣ್ಣನ ಮಕ್ಕಳ ಪೋಷಕನಂತೆ ಬಂದನು. ಸೋದೆಯ ಅಳಿಯನನ್ನು ದೂರಮಾಡಿದನು. ಅನಂತರ ೧೮೧೧ರಲ್ಲಿ ತಾನೇ ಅರಸನೆಂದು ಸಾರಿದನು. ಗಂಡು ದಾಯಾದಿಯಿರುವಾಗ ಹೆಣ್ಣಿಗೆ ಪಟ್ಟವಿಲ್ಲವೆಂಬುದು ಅವನ ಪಕ್ಷದ ನ್ಯಾಯ. ಕಂಪನಿಯು ದಿವಂಗತನ ಪತ್ರಗಳನ್ನು ಇಟ್ಟುಕೊಂಡೇ ಇದ್ದಿತು. ಆದರೂ ಆದುದನ್ನು ಆದಂತೆಯೇ ಒಪ್ಪಿತು. ದೇವಮ್ಮಾಜಿಯು ಕಾವಲಿನಲ್ಲಿ ಉಳಿದಳು. ಲಿಂಗರಾಜನ ಮಗನಾದ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ಅವಳ ಅಂತ್ಯವು ಕ್ರೂರವಾಗಿ ಆಯಿತೆಂದು ಚರಿತ್ರೆಯ ಬರಹಗಳು ತಿಳಿಸುವವು.

ಇಲ್ಲಿ ಸಾಹಿತ್ಯವನ್ನು ಪಾಠಹೇಳುವವರಿಗೆ ಒಂದು ಎಚ್ಚರಿಕೆ ಅಗತ್ಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಚಿಕವೀರ ರಾಜೇಂದ್ರ ಕಾದಂಬರಿಯ (೧೯೫೬) ಮೂಲಕ ಕೊಡಗನ್ನು ಬಲ್ಲವರಿಗೆ ದೇವಮ್ಮಾಜಿಯೆಂದರೆ ಚಿಕ್ಕವೀರರಾಜನ ತಂಗಿ, ಚೆನ್ನಬಸವನ ಹೆಂಡತಿ, ಗಂಡನೊಡನೆ ಮೈಸೂರಿಗೆ ಓಡಿಹೋಗಿ ಕಂಪನಿಯ ಆಶ್ರಯವನ್ನು ಬೇಡಿದವಳು. ಅವಳೂ ಚರಿತ್ರೆಯಲ್ಲಿದ್ದವಳೇ, ೧೮೩೨ರ ಆ ಪಲಾಯನವೇ ೧೮೩೪ರ ಯುದ್ಧಕ್ಕೆ ಒಂದು ಕಾರಣ. ಆದರೆ ತಂದೆಯ ಬರಹದಿಂದ ರಾಣಿಯಾಗಿ, ಚಿಕ್ಕಪ್ಪನಿಂದ ಪಟ್ಟ ಕಳೆದುಕೊಂಡ ದೇವಮ್ಮಾಜಿ ಬೇರೆ. ಇಬ್ಬರೂ ದಾಯಾದಿ ಅಕ್ಕತಂಗಿಯರು, ಹೆಸರು ಒಂದೇ. ಒಬ್ಬಳ ಕಥೆಯನ್ನು ಇನ್ನೊಬ್ಬಳ ತಲೆಗೆ ಕಟ್ಟುವ ತಪ್ಪು ಪಾಠದಲ್ಲಿಯೂ ಬರಹದಲ್ಲಿಯೂ ನುಸುಳುವುದು ಸುಲಭ. ಮಡಿಕೇರಿಯ ಗದ್ದಿಗೆಯಲ್ಲಿ ಮೊದಲನೆಯವಳ ತಂದೆತಾಯಿಗಳ ಸಮಾಧಿಯೂ ಅವಳ ಪಟ್ಟವನ್ನು ಕಸಿದುಕೊಂಡ ಲಿಂಗರಾಜನ ಸಮಾಧಿಯೂ ಒಂದೇ ಮಾದರಿಯ ಗುಮ್ಮಟಗಳಡಿಯಲ್ಲಿ ಅಕ್ಕಪಕ್ಕದಲ್ಲಿಯೇ ಇವೆ.

ವಿವಾದವು ಅಲ್ಲಿಗೆ ಮುಗಿಯಲಿಲ್ಲ. ೧೮೩೪ರಲ್ಲಿ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಕೊಡಗನ್ನು ತೆಗೆದುಕೊಂಡಿತು. ಅರಮನೆಯ ಸ್ವತ್ತಿನ ಜೊತೆಯಲ್ಲಿ ಕಂಪನಿಯೇ ಹಿಂದೆ ಬರೆದುಕೊಟ್ಟಿದ್ದ ಸಾಲಪತ್ರಗಳೂ ಅದರ ಕೈಸೇರಿದವು. ದೊಡ್ಡವೀರರಾಜನ ಕಾಲದಿಂದ ಬಂದುದೆಂದು ಹೇಳಲಾದ ಹಣವದು. ಕಾಶಿಯಲ್ಲಿ ಬಂದಿಯಂತಿದ್ದ ಮಾಜಿ ಅರಸನು ೧೮೫೨ರಲ್ಲಿ ಮಗಳಾದ ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಆ ವರ್ಷವೇ ಗೌರಮ್ಮನು ಕ್ರೈಸ್ತದೀಕ್ಷೆಯನ್ನು ಪಡೆದಳು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತಳು. ಅರಸನು ಸಾಲಪತ್ರಗಳ ಹಣಕ್ಕಾಗಿ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದನು. ೧೮೫೯ರಲ್ಲಿ ಅವನು ಲಂಡನ್ನಿನಲ್ಲಿಯೇ ಕಾಲವಾದನು. ೧೮೬೦ರ ವರದಿಗಳಲ್ಲಿ ಅಚ್ಚಾಗಿರುವ ಸರ್ ಜಾನ್ ರೋಮಿಲಿಯ ತೀರ್ಪಿನಲ್ಲಿ ದಾವೆಯು ವಜಾ ಆಗಿದೆ. ಕಂಪನಿಯು ಪತ್ರಗಳನ್ನು ತೆಗೆದುಕೊಂಡುದು ಸಾಲಗಾರನಾಗಿ ಅಲ್ಲ, ಯುದ್ಧದಲ್ಲಿ ಗೆದ್ದ ರಾಜಶಕ್ತಿಯಾಗಿ. ಆದುದರಿಂದ ಅದನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲವೆಂಬುದು ಅದರ ತಾತ್ಪರ್ಯ. ಅದಕ್ಕೆ ಸ್ವಲ್ಪ ಮುಂಚೆ, ೧೮೫೯ರಲ್ಲಿ, ತಂಜಾವೂರಿನ ಅರಸನ ವಿಧವೆಗೆ ಪ್ರಿವಿ ಕೌನ್ಸಿಲು ಹೇಳಿದ ಉತ್ತರವೂ ಇದೇ. ಹಣವು ನಿಜವಾಗಿ ದೇವಮ್ಮಾಜಿಯ ಪಾಲಿನದೋ ಲಿಂಗರಾಜನ ಸಂತತಿಯದೋ ಎಂಬ ಮೂಲ ಪ್ರಶ್ನೆಯ ಬಾಗಿಲನ್ನು ಯಾರೂ ತಟ್ಟಲೇ ಇಲ್ಲ. ಬರಹದಿಂದ ಕೈಬಿಡಲ್ಪಟ್ಟವನು ಬಲದಿಂದ ಪಡೆದನು. ಅವನ ಮಗನಿಂದ ಇನ್ನೊಂದು ಬಲವು ಪಡೆಯಿತು.

ಅರಸುಮನೆಯಲ್ಲಿ ಕತ್ತಿಯು ತೀರಿಸಿದುದನ್ನು ಪ್ರಜೆಗಳ ಮನೆಯಲ್ಲಿ ನ್ಯಾಯಾಲಯವು ತೀರಿಸಬೇಕಾಯಿತು. ಆ ವಿಚಾರಣೆಯಲ್ಲಿ ಕೆಲಸಕ್ಕೆ ಬಂದ ಗ್ರಂಥವು ಕನ್ನಡನಾಡಿನಲ್ಲಿಯೇ ಹುಟ್ಟಿದುದು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು, ತಂದೆ ತಾತಂದಿರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸಾಧಿಸುವುದು. ಬಂಗಾಳದ ದಾಯಭಾಗವು ತಂದೆ ಸತ್ತ ಮೇಲೆ ಮಾತ್ರ ಮಗನಿಗೆ ಹಕ್ಕೆನ್ನುವುದು. ಪಂಡಿತರ ತರ್ಕವೆಂದು ತೋರುವ ಈ ಭೇದವೇ ಮರಣಶಾಸನದ ವ್ಯಾಜ್ಯಗಳಲ್ಲಿ ಇಡೀ ಆಸ್ತಿಯ ಗತಿಯನ್ನು ನಿರ್ಣಯಿಸಿತು. ವಿಟ್ಲ ಬಟ್ಟನ್, ಯಮೇನಮ್ಮ ಎಂದು ಇಂಗ್ಲಿಷ್ ವರದಿಗಾರರ ಕೈಯಲ್ಲಿ ರೂಪಗೆಟ್ಟ ಹೆಸರುಗಳುಳ್ಳ ಒಂದು ಮೊಕದ್ದಮೆಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ೧೮೭೪ರಲ್ಲಿ ಹೇಳಿದುದು ಹೀಗೆ: ಅವಿಭಕ್ತ ಕುಟುಂಬದ ಸದಸ್ಯನೊಬ್ಬನು ಸಾಯುವ ಕ್ಷಣದಲ್ಲಿ ಎರಡು ಹಕ್ಕುಗಳು ಎದುರಾಗುವವು. ಒಂದು ಮರಣಶಾಸನದಿಂದ ಪಡೆಯುವವನದು. ಇನ್ನೊಂದು ಉಳಿದ ದಾಯಾದಿಗಳದು. ದಾಯಾದಿಗಳ ಹಕ್ಕು ಮೊದಲೇ ಇದ್ದುದಾದ್ದರಿಂದ ಅದೇ ಗೆಲ್ಲುವುದು. ಸಾಯುವವನ ಕೈಯಲ್ಲಿ ಕೊಡುವುದಕ್ಕೆ ಏನೂ ಉಳಿಯುವುದಿಲ್ಲ. ೧೮೮೦ರಲ್ಲಿ ಪ್ರಿವಿ ಕೌನ್ಸಿಲು ಈ ತತ್ತ್ವವನ್ನು ಸ್ಥಿರಪಡಿಸಿತು. ಮದರಾಸಿನ ನ್ಯಾಯಾಧೀಶರು ತರ್ಕದಿಂದ ಮುಟ್ಟಿದ ನೆಲೆಯಲ್ಲಿ ಕೊಡವರ ಒಕ್ಕವು ಆಚಾರದಿಂದಲೇ ನಿಂತಿದ್ದಿತು.

ಇನ್ನು ಪತ್ರದ ರೂಪದ ವಿಷಯ. ೧೮೭೦ರ ಹಿಂದೂ ವಿಲ್ಲುಗಳ ಕಾಯಿದೆಯು ಬಂಗಾಳದ ಸೀಮೆಗೂ ಮದರಾಸು ಮುಂಬಯಿ ಪಟ್ಟಣಗಳಿಗೂ ಅನ್ವಯಿಸುತ್ತಿತ್ತೇ ಹೊರತು ಕೊಡಗಿಗೆ ಅಲ್ಲ. ಅಲ್ಲಿಯ ಹಿಂದುವು ಬಾಯಿಮಾತಿನಿಂದಲೂ ಮರಣಶಾಸನ ಮಾಡಬಹುದಾಗಿತ್ತು. ೧೯೨೭ರ ಜನವರಿ ೧ ಮತ್ತು ಅನಂತರದ ವಿಲ್ಲುಗಳಿಗೆ, ಎಲ್ಲಿಯ ಹಿಂದುವು ಮಾಡಿದುದಾದರೂ, ೧೯೨೫ರ ಭಾರತ ಉತ್ತರಾಧಿಕಾರ ಕಾಯಿದೆಯ ಕಟ್ಟಳೆಗಳು ಬಂದವು. ಬರೆಯುವವನು ರುಜು ಅಥವಾ ಗುರುತು ಹಾಕಬೇಕು. ಇಬ್ಬರಾದರೂ ಸಾಕ್ಷಿಗಳು ಅವನು ಹಾಕಿದುದನ್ನು ಕಂಡೋ ಅವನ ಬಾಯಿಂದ ಒಪ್ಪಿಗೆಯನ್ನು ಕೇಳಿಯೋ ಅವನ ಎದುರಿನಲ್ಲಿ ತಾವೂ ರುಜು ಹಾಕಬೇಕು. ರಿಜಿಸ್ಟರು ಮಾಡಿಸುವುದು ಕಡ್ಡಾಯವಲ್ಲ. ಮಾಡಿಸಿದ ಮಾತ್ರಕ್ಕೆ ಪತ್ರವು ನಿಜವೆಂದೂ ಆಗದು. ಸಾಕ್ಷಿಗಳಲ್ಲಿ ಒಬ್ಬನಾದರೂ ಬದುಕಿದ್ದು ಸಾಕ್ಷ್ಯಕ್ಕೆ ಸಿಕ್ಕುವಂತಿದ್ದರೆ ಅವನನ್ನು ಕಟಕಟೆಗೆ ಕರೆಯಿಸಲೇಬೇಕೆಂಬ ಹಳೆಯ ನಿಯಮವನ್ನು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ.

ಕೈಬಿಡಲ್ಪಟ್ಟವನ ದೂರಿಗೆ ನ್ಯಾಯಾಲಯವು ಎಷ್ಟು ಬೆಲೆ ಕೊಡುವುದೆಂಬುದನ್ನು ಇಡೀ ಭಾರತಕ್ಕೆ ತಿಳಿಸಿದ ತೀರ್ಪು ಮೈಸೂರಿನಿಂದ ಹೋದ ಮೊಕದ್ದಮೆಯದು. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ. ಎನ್. ತಿಮ್ಮಾಜಮ್ಮ ಇವರ ನಡುವಣ ಆ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯವು ೧೯೫೮ರ ನವೆಂಬರಿನಲ್ಲಿ ತೀರ್ಮಾನಿಸಿತು; ತೀರ್ಪನ್ನು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಇತರ ಪತ್ರಗಳಿಗೂ ಮರಣಶಾಸನಕ್ಕೂ ಒಂದು ಭೇದವಿದೆ: ಇದನ್ನು ಬರೆದವನು ಬ೦ದು ತಾನೇ ಬರೆದೆನೆಂದು ಹೇಳಲಾರನು. ಆದುದರಿಂದ ರುಜು ನಡುಗಿದ್ದರೆ, ಬರೆದವರ ಬುದ್ಧಿಬಲವು ಸಂದೇಹಾಸ್ಪದವಾಗಿದ್ದರೆ, ಪತ್ರದಿಂದ ಲಾಭ ಪಡೆಯುವವನೇ ಅದನ್ನು ಬರೆಯಿಸುವುದರಲ್ಲಿ ಮುಂದಾಗಿದ್ದರೆ, ಏರ್ಪಾಡು ಅಸಹಜವಾಗಿಯೂ ಅನ್ಯಾಯವಾಗಿಯೂ ಕಂಡರೆ, ಆ ಸಂದೇಹವನ್ನು ತೊಲಗಿಸುವ ಹೊಣೆ ಪತ್ರವನ್ನು ಮುಂದಿಟ್ಟವನದೇ. ನ್ಯಾಯಾಲಯದ ಅಂತಃಕರಣಕ್ಕೆ ಒಪ್ಪಿಗೆಯಾಗಬೇಕು. ಆ ಮೊಕದ್ದಮೆಯಲ್ಲಿ ಆಗಲಿಲ್ಲ. ಪತ್ರವನ್ನು ಮುಂದಿಟ್ಟವರು ಸೋತರು.

ಇದನ್ನು ಓದಿ, ಹತ್ತಿರದವರನ್ನು ಕೈಬಿಟ್ಟ ಮರಣಶಾಸನವೆಲ್ಲವೂ ಬೀಳುವುದೆಂದು ತಿಳಿಯಕೂಡದು. ಸಹಜವಾದ ದಾಯಕ್ರಮವನ್ನು ಬದಲಿಸುವುದಕ್ಕಾಗಿಯೇ ವಿಲ್ ಬರೆಯುವುದು. ಕೈಬಿಟ್ಟುದೇ ತಪ್ಪಾದರೆ ಬರೆಯುವ ಪ್ರಯೋಜನವೇ ಇಲ್ಲ. ೧೯೯೫ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬೇರೊಂದು ವ್ಯಾಜ್ಯದಲ್ಲಿ ಈ ಮಾತನ್ನು ಸ್ಪಷ್ಟಪಡಿಸಿತು. ಫ್ರಾನ್ಸಿನಲ್ಲಿ ನೆಪೋಲಿಯನ್ನನ ೧೮೦೪ರ ಸಂಹಿತೆಯ ಕಾಲದಿಂದ ಮಕ್ಕಳ ಪಾಲಿಗೆ ಕೈಹಾಕಲಾಗದ ಒಂದು ಭಾಗವು ಮೀಸಲಾಗಿದೆ. ಮುಸಲ್ಮಾನರ ಧರ್ಮಶಾಸ್ತ್ರವು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಬರೆದಿಡಗೊಡದು. ಕೊಡಗಿನ ಮಾಪಿಳ್ಳೆಗಳಿಗೂ ಈ ಮಿತಿಯುಂಟು. ಇಂಗ್ಲೆಂಡು ಮಾತ್ರ ಬಹುಕಾಲ ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟು, ೧೯೩೮ರಲ್ಲಿ, ಅವಲಂಬಿಗಳಿಗೆ ಜೀವನಾಂಶವನ್ನು ಕೊಡಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಒಪ್ಪಿಸಿತು. ಹಿಂದುವಿನ ಸ್ವಯಾರ್ಜಿತಕ್ಕೆ ನಮ್ಮಲ್ಲಿ ಅಂಥ ಮೀಸಲು ಇಲ್ಲ. ಆದರೆ ೧೯೫೬ರ ದತ್ತಕ ಮತ್ತು ಜೀವನಾಂಶ ಕಾಯಿದೆಯಂತೆ, ಮರಣಶಾಸನದಿಂದ ಏನೂ ದೊರೆಯದ ವಿಧವೆ, ಅಪ್ರಾಪ್ತ ವಯಸ್ಸಿನ ಮಗ, ಮದುವೆಯಾಗದ ಮಗಳು ಮೊದಲಾದ ಅವಲಂಬಿಗಳು ಆಸ್ತಿಯನ್ನು ಪಡೆದವರಿಂದ ಜೀವನಾಂಶವನ್ನು ಕೇಳಬಹುದು. ಮರಣಶಾಸನವನ್ನು ಮುರಿಯಲಾರದವರಿಗೂ ಇರುವ ಈ ದಾರಿಯನ್ನು ಬಲ್ಲವರು ಕಡಮೆ.

ಈಗ ಪೊನ್ನಂಪೇಟೆಯ ಕಡೆಯ ಒಂದು ಒಕ್ಕವನ್ನು ಊಹಿಸಿಕೊಳ್ಳಬಹುದು. ಅದರ ಹಿರಿಯನೊಬ್ಬನು ಎರಡು ಬಗೆಯ ನೆಲವನ್ನು ಅನುಭವಿಸುತ್ತಿದ್ದಾನೆ: ಪಟ್ಟೆದಾರನ ಹೆಸರಿನಲ್ಲಿರುವ ಜಮ್ಮದ ಗದ್ದೆ ಮತ್ತು ಬಾಣೆ, ತಾನು ದುಡಿದು ಕೊಂಡ ಕಾಫಿ ತೋಟ. ಎರಡನ್ನೂ ಒಬ್ಬ ಮಗನಿಗೆ ಬರೆದು, ಮತ್ತೊಬ್ಬ ಮಗನನ್ನೂ ಮಗಳನ್ನೂ ಬಿಟ್ಟು ಸಾಯುತ್ತಾನೆ. ಕೈಬಿಡಲ್ಪಟ್ಟವರು ಇಡೀ ಪತ್ರವು ಸುಳ್ಳೆಂದು ವಾದಿಸುವುದು ರೂಢಿ. ಆ ವಾದವು ಬಹುಮಟ್ಟಿಗೆ ಸೋಲುವುದೂ ರೂಢಿ, ಏಕೆಂದರೆ ಮುದುಕನು ರುಜು ಹಾಕಿದುದು ನಿಜವಾಗಿರಬಹುದು. ಕೊಂಡ ತೋಟದ ಮಟ್ಟಿಗೆ ರುಜು, ಸಾಕ್ಷಿ, ಬುದ್ಧಿಸ್ಥಿತಿ ಇವೇ ಪ್ರಶ್ನೆಗಳು. ಜಮ್ಮದ ಮಟ್ಟಿಗೆ ಮೊದಲ ಪ್ರಶ್ನೆ ಬೇರೆ: ಇದರಲ್ಲಿ ಅವನು ಬರೆಯಬಹುದಾದುದು ಎಷ್ಟು?

ಅತ್ಯಂತ ತೊಡಕಿನದು ಬಾಣೆ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಇವುಗಳಿಗಾಗಿ ಗದ್ದೆಯ ಜೊತೆಯಲ್ಲಿ ಬಿಟ್ಟ ಕಾಡು ಅದು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಾಫಿ ಬಂದು ಆ ಕಾಡಿಗೆ ಬೆಲೆ ಕಟ್ಟಿತು. ಒಕ್ಕದ ಒಬ್ಬನು ಬಾಣೆಯ ಒಂದು ಮೂಲೆಯಲ್ಲಿ ನೆರಳಿನ ಮರಗಳನ್ನು ಉಳಿಸಿ ಗಿಡನೆಟ್ಟು ಇಪ್ಪತ್ತು ವರ್ಷ ಸಾಕಿದರೆ ಗಿಡವು ಅವನ ದುಡಿಮೆ, ನೆಲವು ಎಲ್ಲರದು. ಅವನ ಮರಣಶಾಸನವು ಅದನ್ನು 'ನನ್ನ ತೋಟ' ಎಂದು ಕರೆಯುವುದು. ಒಕ್ಕವು 'ನಮ್ಮ ಬಾಣೆ' ಎನ್ನುವುದು. ಎರಡೂ ಸುಳ್ಳಲ್ಲ. ಕೊಡಗಿನ ಸೂಪರಿಂಟೆಂಡೆಂಟನಾಗಿದ್ದ ಕ್ಯಾಪ್ಟನ್ ಕೋಲನು ೧೮೭೧ರಲ್ಲಿ ಕೊಡಗಿನ ಸಿವಿಲ್ ನ್ಯಾಯವನ್ನು ಕುರಿತ ಕೈಪಿಡಿಯನ್ನು ಸಿದ್ಧಪಡಿಸಿದಾಗಿನಿಂದ ಇಂದಿನ ವರೆಗೆ, ಹಂಚಲಾಗದುದನ್ನು ಹಂಚಿಕೊಂಡು ಅನುಭವಿಸುವ ಈ ರೀತಿಯು ಅಧಿಕಾರಿಗಳನ್ನೂ ವಕೀಲರನ್ನೂ ಕಾಡಿದೆ.

೧೯೫೬ರ ಜೂನ್ ೧೭ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯು, ಆ ವರ್ಷದ ನವೆಂಬರ್ ೧ರಂದು ಮೈಸೂರಿನಲ್ಲಿ ಸೇರಿಹೋದ ಕೊಡಗಿಗೂ ಅನ್ವಯಿಸಿತು. ಅದರ ೩೦ನೆಯ ಪ್ರಕರಣದಿಂದ ಅವಿಭಕ್ತ ಕುಟುಂಬದ ಸದಸ್ಯನು ತನ್ನ ಪಾಲನ್ನು ವಿಲ್ಲಿನಿಂದ ಕೊಡಬಹುದಾಯಿತು. ೧೮೭೪ರ ತತ್ತ್ವವು ಅಷ್ಟರಮಟ್ಟಿಗೆ ಸಡಿಲವಾಯಿತು. ಆದರೆ ತನ್ನ ಪಾಲನ್ನು ಮಾತ್ರ, ಒಕ್ಕದ ಪಾಲನ್ನಲ್ಲ. ಕರ್ನಾಟಕವು ೧೯೯೪ರಲ್ಲಿಯೂ ಕೇಂದ್ರವು ೨೦೦೫ರಲ್ಲಿಯೂ ಮಗಳನ್ನು ಹುಟ್ಟಿನಿಂದಲೇ ಪಾಲುಗಾರಳನ್ನಾಗಿ ಮಾಡಿದವು. ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು, ೨೦೦೫ರಲ್ಲಿ ತಂದೆಯು ಬದುಕಿರಬೇಕಾದ ಅವಶ್ಯವಿಲ್ಲವೆಂದಿತು. ಕಾಯಿದೆಯು ಹೇಳಿದ ವಿಷಯಗಳಲ್ಲಿ ಅದಕ್ಕೆ ವಿರುದ್ಧವಾದ ಆಚಾರವು ನಿಲ್ಲದು. ವಿಜ್ಞಾನೇಶ್ವರನು ಮಗನಿಗೆ ಹೇಳಿದ ಜನ್ಮಸ್ವತ್ವವು ಹೀಗೆ ಮಗಳಿಗೂ ಬಂದುದರಿಂದ, ಮರಣಶಾಸನದಲ್ಲಿ ಹೆಸರಿಲ್ಲದ ಮಗಳು ಇಂದು ತಂದೆಯ ಕೃಪೆಯನ್ನಲ್ಲ, ತನ್ನ ಹುಟ್ಟನ್ನು ಮುಂದಿಟ್ಟು ನಿಲ್ಲಬಲ್ಲಳು. ತಂದೆಯು ಬರೆದುಕೊಟ್ಟ ಪಟ್ಟವೊಂದನ್ನೇ ನಂಬಿದ ೧೮೦೯ರ ಬಾಲಕಿಗೆ ಈ ನೆಲೆಯಿರಲಿಲ್ಲ.

ಉಳಿಯುವುದು ಸಾಕ್ಷಿಗಳ ಮಾತು. ಸಂಬಂಧ ಕೊಡುವಾಗ ನಿಂತ ಅರುವನು ಹೆಣ್ಣಿಗೆ ಕಷ್ಟ ಬಂದಾಗ ಬಂದು ಹೇಳುವ ಬಾಧ್ಯತೆಗೆ ಒಳಪಟ್ಟವನು. ಅವನನ್ನು ಊರೇ ಬಲ್ಲದು. ಇಂದಿನ ಮರಣಶಾಸನಗಳಿಗೆ ರುಜು ಹಾಕುವ ಸಾಕ್ಷಿಗಳು ಅನೇಕವೇಳೆ ಬರೆಯುವವನ ಹೆಸರನ್ನೂ ಸರಿಯಾಗಿ ತಿಳಿಯದ, ಕಚೇರಿಯ ಬಾಗಿಲಿನಲ್ಲಿ ಸಿಕ್ಕಿದ ಜನರು. ಹತ್ತು ವರ್ಷಗಳ ಮೇಲೆ ಪಾಟೀಸವಾಲಿನಲ್ಲಿ, ಮುದುಕನು ಕುಳಿತಿದ್ದನೇ ಮಲಗಿದ್ದನೇ, ಪತ್ರವನ್ನು ಓದಿ ಹೇಳಿದವರು ಯಾರು, ಯಾರು ಮೊದಲು ರುಜು ಹಾಕಿದರು ಎಂದು ಕೇಳಿದಾಗ ಅವರಿಗೆ ಉತ್ತರ ತೋಚುವುದಿಲ್ಲ. ನಿಜವಾದ ಪತ್ರವೂ ಬೀಳುವುದು ಹೆಚ್ಚಾಗಿ ಇಲ್ಲಿಯೇ.